ಜೇನಿಗೆ ಬೇಡವಾದ ಪೆಟ್ಟಿಗೆ

ನಾನು ಚಿಕ್ಕವಳಿದ್ದಾಗ, ಮೇಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಮನುಷ್ಯರ ಮನೆಗಿಂತ ರೇಷ್ಮೆ ಹುಳುಗಳ ಮನೆಯೇ ಚೊಕ್ಕಟ. ಒಂದು ಬೆಳೆ ಮುಗಿದ ಕೂಡಲೇ ಹುಳುಮನೆಯನ್ನು ಘಾಟು ಔಷಧಿ ಹಾಕಿ ತೊಳೆಯುತ್ತಿದ್ದೆವು. ಇಲ್ಲದಿದ್ದರೆ ಮುಂದಿನ ಹುಳುಗಳಿಗೆ ರೋಗ.

ಹಿತ್ತಿಲಲ್ಲಿ ಅಕ್ಕನ ಜೇನುಪೆಟ್ಟಿಗೆಯಿತ್ತು. ಹಳೆಯ ಹಲಗೆಗಳನ್ನು ಜೋಡಿಸಿ ಅಪ್ಪನೇ ಅವಳಿಗೆಂದು ಮಾಡಿಕೊಟ್ಟದ್ದು. ಒಂದು ಸಲ ಅದರೊಳಗೆ ಮೇಣ ತಿನ್ನುವ ಹುಳು ಬಿದ್ದು, ಜೇನೆಲ್ಲ ಎದ್ದುಹೋಗಿ ಹುಣಸೆ ಕೊಂಬೆಗೆ ಗೊಂಚಲಾಗಿ ಕೂತವು.

"ಇವತ್ತು ಮನೆ ಸಿಗ್ಲಿಲ್ಲ ಅಂದ್ರೆ ಬೆಟ್ಟಕ್ಕೆ ಹೋಗ್ಬಿಡ್ತವೆ," ಎಂದ ಅಪ್ಪ, ಪೆಟ್ಟಿಗೆಯೊಳಗೆ ಜೇನು ಕಟ್ಟಿದ್ದ, ಈಗ ಹಾಳಾದ ಮೇಣದ ಎರಿಗಳನ್ನೆಲ್ಲ ಕೆರೆದು ತೆಗೆದ. ಅಕ್ಕ ಪೆಟ್ಟಿಗೆಯನ್ನು ಉಜ್ಜಿ ಉಜ್ಜಿ ತೊಳೆದು ಬಿಸಿಲಿಗಿಟ್ಟಳು. ಅಪ್ಪ ಮರ ಹತ್ತಿ ಜೇನನ್ನು ಅದರೊಳಗೆ ಕೊಡವಿದ. ಒಳಗೆ ಬಿದ್ದಷ್ಟೇ ಬೇಗ ಹೊರಗೆ ಬಂದವು. ಮತ್ತೆ ಅದೇ ಕೊಂಬೆ.

ಅಪ್ಪ ಪೆಟ್ಟಿಗೆಗೆ ಮೂಗು ಹಚ್ಚಿದ. "ಏನಾಕಿ ತೊಳ್ದೆ ಕಣಮ್ಮ?"

"ಹುಳುಮನೆ ಔಷಧಿ. ರೋಗ ಬರಬಾರ್ದು ಅಂತ..." ಅಕ್ಕ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅಳತೊಡಗಿದಳು.

ಜಗುಲಿಯಿಂದ ಅಜ್ಜಿ ಕೂಗಿದಳು: "ಹೋದ್ರೆ ಹೋಗ್ಲಿ ಬಿಡೇ! ಮದುವೆ ದಿಬ್ಬಣ ವಾಪಸ್ ಹೋದಂಗೆ ಅಳ್ತೀಯಲ್ಲ!"

ಅಪ್ಪ ಬಯ್ಯಲಿಲ್ಲ. ಕೆರೆದು ಹಾಕಿದ್ದ ಎರಿಗಳನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ಬಿಸಿನೀರಿಗೆ ಹಾಕಿ ಕೋಲಿನಿಂದ ಅದುಮಿದ. ಕಸವೆಲ್ಲ ಬಟ್ಟೆಯೊಳಗೇ ಉಳಿಯಿತು, ಕರಗಿದ ಮೇಣ ಮಾತ್ರ ಮೇಲೆ ತೇಲಿತು. ನೀರು ಆರಿದಾಗ ಅದು ತೆಳ್ಳನೆಯ ಹಳದಿ ರೊಟ್ಟಿಯಾಗಿತ್ತು. ಹೊಂಗೆ ಹೂವು, ಬೆಲ್ಲ, ಹೊಗೆ ಎಲ್ಲ ಸೇರಿದಂಥ ವಾಸನೆ ಹಿತ್ತಿಲಿಗೆಲ್ಲ ಹರಡಿತು.

ಪೆಟ್ಟಿಗೆಯ ಘಾಟು ಅವತ್ತೇ ಹೋಗುವಂತಿರಲಿಲ್ಲ, ಬೇರೆ ಪೆಟ್ಟಿಗೆಯೂ ಇರಲಿಲ್ಲ. ಅಪ್ಪ ಒಂದು ಹೊಸ ಮಡಕೆ ತಂದು ತಳಕ್ಕೆ ಬೆರಳು ತೂರುವಷ್ಟು ತೂತು ಮಾಡಿದ. ಜೇನಿಗೆ ಹಳೇ ಮನೆಯ ವಾಸನೆ ಸಿಗಲೆಂದು ಅಕ್ಕ ಮೇಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಅದರೊಳಗೆಲ್ಲ ಸವರಿದಳು. ಅಪ್ಪ ಮತ್ತೆ ಮರ ಹತ್ತಿ, ಜೇನನ್ನು ಮಡಕೆಗೆ ಕೊಡವಿಕೊಂಡು, ಬಾಯಿಗೆ ಹಲಗೆ ಕಟ್ಟಿ ನೆರಳಲ್ಲಿ ಅಡ್ಡ ಮಲಗಿಸಿದ.

ನಾವು ಉಸಿರು ಹಿಡಿದು ನೋಡುತ್ತಿದ್ದೆವು. ನಾಲ್ಕಾರು ಜೇನು ತೂತಿನಿಂದ ಹೊರಬಂದವು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆದರೆ ಅವು ಹಾರಲಿಲ್ಲ. ಬಾಗಿಲಲ್ಲೇ ನಿಂತು, ಬಾಲವೆತ್ತಿ ರೆಕ್ಕೆ ಬೀಸತೊಡಗಿದವು.

"ಕಣ್ಣು ಬಿಡಮ್ಮ," ಎಂದ ಅಪ್ಪ. "ಹೊರಗಿರೋರ್ನ ಕರೀತಾ ಅವೆ, ಬನ್ನಿ ಬನ್ನಿ ಅಂತ."

ಕೊಂಬೆಯಲ್ಲಿ ಉಳಿದಿದ್ದವೆಲ್ಲ ಒಂದೊಂದಾಗಿ ಇಳಿದು ಒಳಗೆ ಹೋದವು.

ಮಕ್ಕಳೇ, ನಿಮಗೆ ಜೇನು ಅಂದರೆ ಅಂಗಡಿಯ ಬಾಟಲಿ. ಅದಕ್ಕೂ ಒಂದು ಮನೆಯಿತ್ತು ಎಂದು ಬಾಟಲಿ ಹೇಳುವುದಿಲ್ಲ. ಹೋದ ತಿಂಗಳು ನೀವು ಚಿಕ್ಕಬಳ್ಳಾಪುರದ ಹೊಸ ಮನೆಗೆ ಬಂದಾಗ ಎಲ್ಲೆಲ್ಲೂ ಪೇಂಟು, ಫಿನಾಯಿಲಿನ ವಾಸನೆ. ನಿಮ್ಮಲ್ಲಿ ಚಿಕ್ಕವಳು ಎಷ್ಟು ಹೇಳಿದರೂ ಮಲಗಲೊಲ್ಲಳು. ಹಳೇ ಮನೆಯಿಂದ ತಂದಿದ್ದ ಮಾಸಿದ ಕೌದಿಯನ್ನು ನಿಮ್ಮಮ್ಮ ಒಗೆಯಲು ಹಾಕುತ್ತಿದ್ದಳು. ನಾನು ಅದನ್ನು ಕಸಿದು ತಂದು ಹಾಸಿದೆ. ಮಗು ಅದರಲ್ಲಿ ಮೂಗು ಹುದುಗಿಸಿ, ನಿಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆಯಿತು.