ಚಿಕ್ಕಮ್ಮನ ಜತೆ ರೈಲು ಹತ್ತುತ್ತಿದ್ದ ಸಿರುವಾಣಿ ನೀರು

ಕ್ಯಾನಿಗೆ ನಲ್ಲಿ ನೀರು ಬೀಳುವಾಗ ಮೊದಲು ದಪ್ಪಗೆ ಕೇಳುವ ಸದ್ದು, ತುಂಬುತ್ತ ತುಂಬುತ್ತ ಸಣ್ಣಗಾಗಿ ಕೊನೆಗೆ ಸಿಳ್ಳೆಯ ಹಾಗೆ ಏರುತ್ತದೆ. ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ನನಗೆ ಮಾತ್ರ ಅದು ಕಿವಿಗೆ ಬಿದ್ದೊಡನೆ ಕೊಯಮತ್ತೂರಿನ ನಮ್ಮ ಹಳೆಯ ಮನೆಯ ಹಿತ್ತಿಲು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಲ್ಲಿಯ ಮುಂದೆ ನಿಂತ ಅಜ್ಜಿ, ರೈಲಿಗೆ ಹೊತ್ತಾಯಿತೆಂದು ಒಳಗಿನಿಂದ ಕೂಗುವ ಚಿಕ್ಕಪ್ಪ, ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ. ಅಲ್ಲೊಂದು ಬನಿಯನ್ ಗೋದಾಮು ಎದ್ದಿದೆ.

ಅಮ್ಮನ ತಂಗಿ ಸರಸು ಚಿಕ್ಕಮ್ಮ ಮದುವೆಯಾಗಿ ಹೋದದ್ದು ಕಡಲ ದಡದ ಒಂದು ಊರಿಗೆ. ಅಲ್ಲಿನ ಅಣುಸ್ಥಾವರದಲ್ಲಿ ಚಿಕ್ಕಪ್ಪನಿಗೆ ಕೆಲಸ. ಬೇಸಿಗೆ ರಜೆಗೆ ಅವಳು ಬಂದಳೆಂದರೆ ನಮ್ಮ ಮನೆಗೆ ಕಳೆ ಬರುತ್ತಿತ್ತು. ನಾವೆಲ್ಲ ಕನ್ನಡ ಆಡುವವರೇ. ಅದನ್ನು ಓದಲು ಬರುತ್ತಿದ್ದುದು ಅವಳೊಬ್ಬಳಿಗೆ. ಸಂಜೆ ಜಗಲಿಯಲ್ಲಿ ಕೂತು ಅವಳು ಗಟ್ಟಿಯಾಗಿ ಕಥೆ ಓದುವಳು, ಅಜ್ಜಿ ಮಲ್ಲಿಗೆ ಕಟ್ಟುತ್ತ ಕೇಳುವಳು. ಎದುರುಮನೆಯ ತಮಿಳಿನವರಿಗೆ ಒಂದಕ್ಷರ ತಿಳಿಯದಿದ್ದರೂ ಆ ದನಿಗಾಗಿ ಬಂದು ನಿಲ್ಲುತ್ತಿದ್ದರು. ಎಂಥ ದನಿ ಅದು! ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಈ ಸಾಲುಗಳು ಕನ್ನಡದಲ್ಲಿರುವುದು ಅವಳ ದೆಸೆಯಿಂದ.

ಅಜ್ಜಿಗೆ ಆ ಊರೆಂದರೆ ಆಗದು. ಅಲ್ಲಿಯ ಗಾಳಿಯಲ್ಲಿ, ನೀರಿನಲ್ಲಿ ಕಾಣದ ವಿಷವಿದೆಯೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಲೋಕದ ಸಕಲ ರೋಗಕ್ಕೂ ಬೆಟ್ಟದಿಂದ ನಮ್ಮ ನಲ್ಲಿಗೆ ಬರುವ ಸಿರುವಾಣಿ ಹೊಳೆಯ ನೀರೇ ಮದ್ದೆಂದು ನಂಬಿದ ಕೊಯಮತ್ತೂರಿನವರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ರಜೆ ಮುಗಿದಾಗ ದೊಡ್ಡ ಕ್ಯಾನಿಗೆ ಆ ನೀರು ತುಂಬಿ, ಬಾಯಿಗೆ ಹಳೆಯ ನೆಗಮಂ ಹತ್ತಿ ಸೀರೆಯ ತುಂಡು ಬಿಗಿದು, ಮಗಳ ಸಾಮಾನಿನ ಜತೆ ಇಡುತ್ತಿದ್ದಳು.

"ಅತ್ತೆ, ಅಲ್ಲೇನು ತಣ್ಣಿ ಸಿಗಲ್ವಾ? ಇದನ್ನ ಹೊತ್ತು ನನ್ನ ತೋಳೇ ಬಿದ್ದೋಗುತ್ತೆ," ಎಂದು ಚಿಕ್ಕಪ್ಪ ನಗುತ್ತಿದ್ದರು.

"ಹೊರಿ ಮಾಪ್ಪಿಳ್ಳೆ, ಹೆಂಡ್ತಿಗೋಸ್ಕರ ತಾನೆ," ಎಂದು ಅಜ್ಜಿ ಅಳಿಯನ ಬಾಯಿ ಮುಚ್ಚಿಸುವಳು. ಆ ನೀರು ಎಷ್ಟು ದಿನ ಬರುತ್ತದೆಂದು ಅವಳು ಕೇಳುತ್ತಿರಲಿಲ್ಲ, ಚಿಕ್ಕಮ್ಮನೂ ಹೇಳುತ್ತಿರಲಿಲ್ಲ.

ಒಂದು ಬೇಸಿಗೆ ಚಿಕ್ಕಮ್ಮನಿಗೆ ಜಡೆ ಹಾಕಲು ಕೂತ ಅಜ್ಜಿಯ ಬೆರಳಿಗೆ ಅವಳ ಕತ್ತಿನ ಪಕ್ಕದಲ್ಲೊಂದು ಗಂಟು ತಾಗಿತು. ನಮ್ಮೂರಿನಲ್ಲೇ ಆಪರೇಷನ್ ಆಯಿತು. ಗಂಟು ಥೈರಾಯ್ಡ್ ಕ್ಯಾನ್ಸರೆಂದು ಗೊತ್ತಾಯಿತು. ತಮ್ಮ ಬೀದಿಯಲ್ಲೇ ಇನ್ನೂ ಕೆಲವು ಹೆಂಗಸರಿಗೆ ಹೀಗಿದೆಯೆಂದು ಚಿಕ್ಕಮ್ಮ ಹೇಳಿದಳು. ಸ್ಥಾವರವೆಂದರೆ ಏನೆಂದೇ ಅರಿಯದವರಿಗೂ ಇದು ಬರುತ್ತದೆ, ಇಂಥದ್ದರಿಂದಲೇ ಬಂತೆಂದು ಹೇಳಲಾಗದು ಎಂದರು ಡಾಕ್ಟರು. ಇರಬಹುದು. ಆದರೆ ಆಪರೇಷನ್ನಿನಲ್ಲಿ ಆ ದನಿ ಹೋಯಿತು. ಮರುವರ್ಷ ಜಗಲಿಯಲ್ಲಿ ಅವಳು ಪಿಸುಗುಟ್ಟುತ್ತ ಓದಿದಾಗ ಎದುರುಮನೆಯವರು ಬರಲಿಲ್ಲ. ನಾನು ಅವಳ ತೋಳಿಗೆ ಒರಗಿ, ಅವಳ ಬಾಯಿಗೆ ಕಿವಿಗೊಟ್ಟು ಕೇಳಿದೆ. ಕಥೆ ಯಾವುದೆಂದು ಮರೆತಿದೆ. ಅವಳ ಉಸಿರಿನ ಬಿಸಿ ಮರೆತಿಲ್ಲ.

ಆ ಸಲ ಹೊರಡುವ ಬೆಳಿಗ್ಗೆ ಅಜ್ಜಿ ಎದ್ದು ಬರುವಷ್ಟರಲ್ಲಿ ಚಿಕ್ಕಪ್ಪ ಹಿತ್ತಿಲಿನಲ್ಲಿ ಕೂತು ತಾವೇ ಕ್ಯಾನು ತುಂಬುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಹೊಸ ಕ್ಯಾನೂ ಇತ್ತು. ಅಜ್ಜಿ ಬಾಗಿಲಲ್ಲೇ ನಿಂತಳು.

ಕೆಲವು ವರ್ಷ ಕಳೆದು ರೋಗ ಶ್ವಾಸಕೋಶಕ್ಕೆ ಹಬ್ಬಿತು, ಚಿಕ್ಕಮ್ಮ ಹೋದಳು. ಅಜ್ಜಿಯೂ ಹೆಚ್ಚು ಕಾಲ ಇರಲಿಲ್ಲ. ರಿಟೈರಾದ ಮೇಲೆ ಚಿಕ್ಕಪ್ಪ ನಮ್ಮೂರ ಪಕ್ಕದ ಪೆರಿಯನಾಯಕನಪಾಳ್ಯಂಗೆ ಬಂದು ನೆಲೆಸಿದರು. ವಯಸ್ಸಾಗಿದೆ, ಆದರೆ ಗಟ್ಟಿಮುಟ್ಟಾಗಿದ್ದಾರೆ, ದಿನವೂ ಮಾರ್ಕೆಟ್ಟಿಗೆ ನಡೆದೇ ಹೋಗುತ್ತಾರೆ. ನನ್ನನ್ನು ಇನ್ನೂ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಾರೆ. ಈಚೆಗೆ ನೋಡಲು ಹೋದಾಗ, ನಾನು ಕೇಳದೆಯೇ, ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ಸ್ಥಾವರದ ಒಳಗೆ ಹೋಗಿ ಕೆಲಸ ಮಾಡಿದೋನು ನಾನು, ಕಣ್ಣು. ಮೈಗೆ ವಿಕಿರಣ ಎಷ್ಟು ತಾಗ್ತು ಅಂತ ನೋಡೋಕೆ ನನ್ನ ಅಂಗಿಗೆ ಒಂದು ಬಿಲ್ಲೆ ಕೊಟ್ಟಿದ್ರು. ತಪ್ಪದೆ ಅಳೀತಿದ್ರು. ನನಗೆ ಏನೂ ಆಗ್ಲಿಲ್ಲ. ಮನೇಲಿದ್ದ ಅವಳನ್ನ ಯಾರೂ ಅಳೀಲೇ ಇಲ್ಲ."

ಅವರ ಕೈ ಹಿಡಿದುಕೊಂಡೆ. ನನಗೆ ಚಿಕ್ಕಮ್ಮ ಬೇಕೆನಿಸಿತು. ಅವರಿಗೂ.