ಹುಮನಾಬಾದೆಂಬ ಮದುವೆ

ಬೆಳಿಗ್ಗೆ ಗೋದಾಮಿನಲ್ಲಿ ಶಾಮಿಯಾನದ ಗಂಟು ಬಿಚ್ಚಿದೆ. ಡಾಂಬರು ಗುಳಿಗೆ, ಯಾರದೋ ಮದುವೆಯ ಪಲಾವು, ಎರಡೂ ಒಟ್ಟಿಗೇ ಮೂಗಿಗೆ ಬಡಿದವು. ನೀವಾಗಿದ್ದರೆ ಹಸಿವಾಗುತ್ತಿತ್ತು, ನನಗೆ ಸಾಫ್ಟ್‌ವೇರ್ ನೆನಪಾಯಿತು.

ಬಸವಕಲ್ಯಾಣದಲ್ಲಿ ನನ್ನದು ಮದುವೆಗಳಿಗೆ ಕುರ್ಚಿ, ಹಂಡೆ, ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ಯಾವ ಸಾಮಾನು ಎಲ್ಲಿದೆ ಎಂದು ತಿಳಿಯಲು ನಮ್ಮೂರಿನ ಶಬಾನಾಳಿಂದ ಸಾಫ್ಟ್‌ವೇರ್ ಮಾಡಿಸಿದೆ. ಪ್ರತಿ ಸೋಮವಾರ ಒಂದಿಷ್ಟು ಹೊಸದನ್ನು ತೋರಿಸಬೇಕೆಂದು ಕರಾರು. ತೋರಿಸಿದ ಮೇಲೆ ನಾನು ಕೊಸರು ಕೇಳುತ್ತಿದ್ದೆ. ಬದನೆಕಾಯಿ ಕೊಂಡರೂ ಮೇಲೆರಡು ಹಾಕಿಸಿಕೊಳ್ಳುವವನು ಸುಮ್ಮನಿರುವುದು ಹೇಗೆ?

“ಮದುವಿ ಮುಗದ ತಾರೀಖಿಗೆ, ಸಾಮಾನು ಎತ್ತಿ ತಾ ಅಂತ ಲಾರಿಯವಗ ತಾನ ಹುಕುಂ ಹೋಗಂಗ ಮಾಡವ್ವ.”

ಮಾಡಿಕೊಟ್ಟಳು. ಅಷ್ಟರಲ್ಲಿ ಹುಮನಾಬಾದಿನಲ್ಲಿ ಎರಡನೆಯ ಅಂಗಡಿ ತೆಗೆದೆ.

“ಕಾಕಾ, ಒಂದೇ ಅಂಗಡಿ ಅಂತ ತಳಾ ಹಾಕೀನ್ರಿ. ಈಗ ತಳಾನೇ ಬಿಚ್ಚಿ ಕಟ್ಟಬೇಕು. ಮೂರು ವಾರ ಏನೂ ತೋರ್ಸಂಗಿಲ್ಲ.”

“ಮೂರು ವಾರ! ಹುಮನಾಬಾದ್ ಅನ್ನೋದ ಒಂದು ಮದುವಿ ಅಂತ ಬರಕೊ. ಅಲ್ಲಿಗೆ ಸಾಮಾನು ಕಳಸೀವಿ, ಆಯ್ತಲ್ಲ.”

“ಆ ಮದುವಿ ಎಂದ ಮುಗಿತದ್ರಿ?”

“ಮುಂದಿನ ವರ್ಷದ ಯಾವುದರೆ ತಾರೀಖು ಹಾಕು.”

ಮೂರು ವಾರ ಉಳಿಸಿದೆನೆಂದು ಮೀಸೆ ತಿರುವಿದೆ.

ವರ್ಷ ತಿರುಗಿತು. ತಾರೀಖನ್ನು ನಾವಿಬ್ಬರೂ ಮರೆತೆವು, ಸಾಫ್ಟ್‌ವೇರ್ ಮರೆಯಲಿಲ್ಲ. ಅವತ್ತೇ ಹುಮನಾಬಾದಿನ ದೊಡ್ಡ ಮನೆತನವೊಂದರ ಮದುವೆ, ಸಾಮಾನೆಲ್ಲ ನಮ್ಮ ಅಲ್ಲಿನ ಅಂಗಡಿಯದು. ಚೆನ್ನಾಗಿ ನಡೆದರೆ ಆ ಊರು ನನ್ನದು, ಕೆಟ್ಟರೆ ಅಂಗಡಿಗೆ ಬೀಗ. ಮಧ್ಯಾಹ್ನ ಹುಡುಗಿಯ ತಂದೆಯ ಫೋನು:

“ಏನ್ರಿ ಸಾವ್ಕಾರ್ರ, ಬೀಗರನ್ನ ಎಬ್ಬಿಸಿ ಕುರ್ಚಿ ಒಯ್ಯಾಕತ್ತಾರಲ್ರಿ! ವರ ನಿಂತಾನ!”

ಲಾರಿಯ ಖಾಜಾನಿಗೆ ಫೋನು ಹಚ್ಚಿದೆ.

“ನಿಮ್ದೇ ಹುಕುಂ ಬಂದದಲ್ರಿ, ಹುಮನಾಬಾದ್ ಮದುವಿ ಮುಗೀತು ಅಂತ. ಅಂಗಡಿ ಖಾಲಿ ಇತ್ತು, ಸಾಮಾನೆಲ್ಲ ಈ ಮದುವಿ ಮನ್ಯಾಗ ಅದ. ಇವ್ರು ನೋಡಿದ್ರ ಇನ್ನೂ ಉಣ್ಣಾಕತ್ತಾರ. ಮುಗೀತ್ರೀ ಅಂತ ಹೇಳಿ ಹೇಳಿ ಸಾಕಾತು ನನಗ!”

ಕುರ್ಚಿ ಇಳಿಸಲು ಹೇಳಿ ನಾನೇ ಓಡಿದೆ. ಕೈಮುಗಿದು ಬೀಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿದೆ. ಹುಡುಗಿಯ ತಂದೆ ಬೈದದ್ದನ್ನು ಊರೆಲ್ಲ ಕೇಳಿತು; ಬೈದು ದಣಿದ ಮೇಲೆ ಕ್ಷಮಿಸಿದರು. ಅಂಗಡಿ ಉಳಿಯಿತು.

ಮರುದಿನ ಶಬಾನಾ, “ಈಗ ಐದು ವಾರ ಬೇಕ್ರಿ ಕಾಕಾ,” ಅಂದಳು. ಹ್ಞೂಂ ಅಂದೆ. ಹೇಳಿದ ಮೊದಲ ಮಾತಿಗೇ ನಾನು ಒಪ್ಪಿದ್ದು ಜನ್ಮದಲ್ಲಿ ಅದೊಂದೇ ಸಲ. ಅವಳು ಗಾಬರಿಯಾದಳು: “ಆರಾಮ ಇದ್ದೀರಲ್ರಿ?”

ನಿಮಗೂ ಹೇಳುತ್ತೇನೆ, ಕೇಳಿ. ವಾರವಾರ ತೋರಿಸಲಿ, ಕೊಸರನ್ನೂ ಕೇಳಿ, ತಪ್ಪಿಲ್ಲ. ಆದರೆ ಕಟ್ಟುವವರು ತಳದ ಮಾತೆತ್ತಿದ ದಿನ ಚೌಕಾಸಿ ಬೇಡ.

ಈಗ ತಿಂಗಳಿಗೊಂದು ಸೋಮವಾರ ತಳದ ಕೆಲಸಕ್ಕೇ ಮೀಸಲು. ಇವತ್ತೂ ಅದೇ. ಶಬಾನಾ ಬಂದಳು, ತೋರಿಸಲು ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನೇ ಕನ್ನಡಕ ಹಾಕಿಕೊಂಡು ಅರ್ಧ ತಾಸು ನೋಡಿ, “ಭಾರಿ ಗಟ್ಟಿ ಬಂದದವ್ವ,” ಎಂದೆ.