ನೆಟ್ಟಗೆ ಹೊಲಿದ ಎಂಟು

ನಮ್ಮ ಡ್ರಿಲ್ ಮಾಸ್ತರರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆಬೀಜದಂಥ ಕಪ್ಪು ಗಟ್ಟಿ ಚರ್ಮ. ಎರೆಹೆಂಟೆಗಳ ನಡುವೆ ಬರಿಗಾಲಲ್ಲಿ ಫುಟ್‌ಬಾಲ್ ಒದ್ದು ಒದ್ದು ಉದುರಿಹೋದ ಉಗುರು ಮತ್ತೆ ಬಂದಿರಲೇ ಇಲ್ಲ. ಯಾವನಾದರೂ ಕಾಲು ನೋವೆಂದು ಕುಂಟುತ್ತ ಬಂದರೆ ಆ ಬೆರಳನ್ನು ಮುಂದೆ ಚಾಚಿ, "ಇದಕ್ಕ ಕೇಳು, ನೋವು ಅಂದ್ರ ಏನು ಅಂತ ಹೇಳತದ," ಎನ್ನುತ್ತಿದ್ದರು. ನಾವು ನಕ್ಕು ಮತ್ತೆ ಓಡುತ್ತಿದ್ದೆವು.

ನಿಲಂಗದ ಶಾಲೆ ಅದು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರು ಗುಂಜೋಟಿ ಕಡೆಯ ಒಕ್ಕಲು ಮನೆತನದವರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಬಾಯಲ್ಲಿ ಸದಾ ಸೀಟಿ. ಹುಕುಂ ಉರ್ದುವಿನಲ್ಲಿ ಕೊಡುತ್ತಿದ್ದರು, ಎಣಿಕೆ ಮರಾಠಿಯಲ್ಲಿ. ಬೈಗುಳಕ್ಕೆ ಮಾತ್ರ ಕನ್ನಡವೇ ಬೇಕು. "ಬ್ಯಾರೆ ಮಾತಿನ್ಯಾಗ ಬೈದ್ರ ನನಗs ಸಮಾಧಾನ ಆಗಂಗಿಲ್ಲೋ," ಎನ್ನುವರು. ಅವರ ಇನ್ನೊಂದು ಮಾತು ನಮಗೆಲ್ಲ ಬಾಯಿಪಾಠವಾಗಿತ್ತು: "ಬಿದ್ದಾಂವ ಮೊದಲ ಏಳಬೇಕು. ಆಮ್ಯಾಲ ಬೇಕಂದ್ರ ಅಳಬೇಕು."

ಅಷ್ಟು ಗಟ್ಟಿ ಮನುಷ್ಯ ಆ ವರ್ಷ ಮಾತ್ರ ಒಳಗೊಳಗೇ ಕುಸಿಯುತ್ತಿದ್ದರು. ಅವರ ನೌಕರಿ ಕಾಯಂ ಆಗಿರಲಿಲ್ಲ. ಶಾಲೆ ತಪಾಸಣೆಗೆ ಬರುವ ಸಾಹೇಬರು ಪ್ರತಿ ಸಲ "ಮುಂದಿನ ವರ್ಷ ನೋಡೋಣ" ಎಂದು ಜಾರಿಕೊಳ್ಳುತ್ತಿದ್ದವರು, ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಉದಗೀರದ ಪಂದ್ಯವನ್ನು ತಾವೇ ಕೂತು ನೋಡುತ್ತಾರೆ. ನಿಲಂಗ ಗೆದ್ದರೆ ಮಾಸ್ತರರು ಕಾಯಂ. ಸೋತರೆ ಡ್ರಿಲ್ ಮಾಸ್ತರರ ಜಾಗವೇ ರದ್ದು. ನೋಡಿ, ಒಬ್ಬ ಮನುಷ್ಯನ ಅನ್ನವನ್ನು ಹುಡುಗರ ಕಾಲಿಗೆ ಕಟ್ಟುವುದೆಂದರೇನು! ನನಗೆ ಈಗಲೂ ಮೈ ಉರಿಯುತ್ತದೆ.

"ಆಟ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲೋ," ಎಂದು ಒಂದು ಸಂಜೆ ನನ್ನೆದುರು ಅಂದರು. "ಹೊಲದಾಗ ಹೋದ್ರ ಎತ್ತಿಗೂ ಸೀಟಿ ಊದತೀನಿ ನಾ." ನಗಲು ನೋಡಿದರು, ನಗು ಬರಲಿಲ್ಲ.

ಆ ವರ್ಷವೇ ಹೊಸ ಕಾಯಿದೆ ಬಂದಿತ್ತು. ಪ್ರತಿಯೊಬ್ಬ ಆಟಗಾರನ ಬೆನ್ನ ಮೇಲೆ ನಂಬರು ಇರಬೇಕು, ಒಂದೇ ನಂಬರಿನವರು ಇಬ್ಬರು ಮೈದಾನದಲ್ಲಿ ಇರಕೂಡದು. ಮಾಸ್ತರರು ಕೆಂಪು ಅರಿವೆಯಲ್ಲಿ ಉರ್ದು ಅಂಕಿಗಳನ್ನು ಕತ್ತರಿಸಿ, ಬಿಳಿ ಅಂಗಿಗಳ ಬೆನ್ನಿಗೆ ಜಾಗ ಗುರುತಿಗೆ ಒಂದೊಂದು ಹೊಲಿಗೆಯ ಟಾಕಿ ಹಾಕಿ ಮನೆಯಲ್ಲಿ ಕೊಟ್ಟರು. ಹೊಲಿದವರು ಅವರ ಮನೆಯವರು. ನಾವು ಅವರನ್ನು ಅವ್ವಾರು ಎನ್ನುತ್ತಿದ್ದೆವು. ಅವ್ವಾರಿಗೆ ಓದು ಬರುತ್ತಿರಲಿಲ್ಲ. ಹೊಲಿಗೆ ಮಾತ್ರ ಎಳೆ ಕಾಣದಷ್ಟು ಸಣ್ಣದು.

ಉರ್ದುವಿನ ಏಳೆಂದರೆ ಬುಡದಲ್ಲಿ ಕೂಡಿ ಮೇಲಕ್ಕೆ ಬಾಯಿ ತೆರೆದ ಎರಡು ಗೀಟು. ಅದನ್ನೇ ತಲೆಕೆಳಗು ಮಾಡಿದರೆ ಎಂಟು. ನನ್ನ ನಂಬರು ಎಂಟು.

ಹೊರಡುವ ದಿನ ಬೆಳಿಗ್ಗೆ ಅವ್ವಾರು ಅಂಗಿಗಳ ಗಂಟು ತಂದು ಬಂಡಿಯಲ್ಲಿಟ್ಟರು. "ಒಂದು ಅಂಗಿ ಮ್ಯಾಲಿನ ಗುರುತು ಬೋರಲ ಬಿದ್ದಿತ್ತು ನೋಡ್ರಿ. ನೆಟ್ಟಗ ಮಾಡಿ ಹೊಲದೀನಿ," ಎಂದರು. ಮಾಸ್ತರರು ಬಂಡಿಯವನ ಜೊತೆ ಎತ್ತಿನ ಮೇವಿಗಾಗಿ ಜಗಳಕ್ಕೆ ಬಿದ್ದಿದ್ದರು. ಕಿವಿಗೊಡದೆ "ಹ್ಞೂ, ಹ್ಞೂ" ಎಂದರು. ಹೊಸ ಅಂಗಿ ಮಾಸಬಾರದೆಂದು ಗಂಟನ್ನು ಉದಗೀರದ ಮೈದಾನದವರೆಗೂ ಬಿಚ್ಚಲಿಲ್ಲ.

ಅಲ್ಲಿ ಸಾಲಾಗಿ ನಿಂತಾಗ ಆಟದ ತೀರ್ಪು ಕೊಡುವ ಪಂಚರು ನಮ್ಮ ಬೆನ್ನ ಹಿಂದೆ ನಡೆಯುತ್ತ ಬಂದರು. ಹಳೆಯ ಫೌಜಿ, ಮೀಸೆಗೆ ಮೇಣ ಹಚ್ಚಿದ ಆಳು. ನನ್ನ ಹಿಂದೆ ನಿಂತು ಗುಡುಗಿದರು: "ಏಕ್ ನಂಬರ್ ಕೇ ದೋ ಆದ್ಮಿ ನಕ್ಕೋ! ಏಕ್ ಬಾಹರ್!"

ನಮ್ಮಲ್ಲಿ ಇಬ್ಬರು ಏಳು. ಎಂಟು ಇಲ್ಲವೇ ಇಲ್ಲ.

ಮಾಸ್ತರರು ನನ್ನ ಬೆನ್ನು ನೋಡಿದರು. ಹೊರಡುವಾಗ ಅವ್ವಾರು ಹೇಳಿದ್ದು ಆಗ ಅವರಿಗೆ ನೆನಪಾಯಿತು. ನಮ್ಮ ಕಡೆ ಒಲೆ ಹತ್ತದ ಮನೆಯಲ್ಲೇ ಗಡಿಗೆ ಬೋರಲು ಬೀಳುವುದು, ಸಾವಿನ ಮನೆಯಲ್ಲಿ. ಹುಡುಗನೊಬ್ಬನ ಬೆನ್ನಿಗೆ ಬೋರಲು ಗುರುತು ಕಂಡು ಆ ತಾಯಿಯ ಕೈ ಹೇಗೆ ಸುಮ್ಮನಿದ್ದೀತು? "ಒಳ್ಳೇದಕ್ಕ ಮಾಡ್ಯಾಳ," ಎಂದು ಮಾಸ್ತರರು ತಮ್ಮಷ್ಟಕ್ಕೇ ಗೊಣಗಿಕೊಂಡರು. ಆಮೇಲೆ ಪಂಚರಿಗೆ ಕೈ ಮುಗಿದರು. ನಮ್ಮಲ್ಲಿ ಹನ್ನೆರಡನೆಯವನಿರಲಿಲ್ಲ, ಅವನು ಜ್ವರ ಬಂದು ಊರಲ್ಲೇ ಉಳಿದಿದ್ದ. ದೂರದ ಕುರ್ಚಿಯಲ್ಲಿ ಕೂತ ಸಾಹೇಬರು "ಹೋಗಲಿ, ಆಡಲಿ ಬಿಡಿ" ಎಂದರೂ ಪಂಚರು ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಸೀಟಿ ಊದುವುದರೊಳಗೆ ಎಂಟು ಎಂಟಾಗಬೇಕು, ಇಲ್ಲವಾದರೆ ಹತ್ತೇ ಜನ.

ಮಾಸ್ತರರು ಹಲ್ಲಿನಿಂದ ದಾರ ಕಚ್ಚಿ ಕಚ್ಚಿ ಅಂಕಿ ಬಿಚ್ಚಿದರು. ಅವ್ವಾರ ಹೊಲಿಗೆ ಸುಲಭಕ್ಕೆ ಬಿಡುವಂಥದಲ್ಲ, ತುಟಿ ಹರಿಯಿತು. ತಿರುಗಿಸಿ ಇಟ್ಟರು, ಆದರೆ ಹಚ್ಚಲು ಸೂಜಿ ಎಲ್ಲಿ? ಸುತ್ತ ನಿಂತವರನ್ನೆಲ್ಲ ಬೇಡಿದರು. ಫುಟ್‌ಬಾಲ್ ನೋಡಲು ಬಂದ ಗಂಡಸರ ಕಿಸೆಯಲ್ಲಿ ಸೂಜಿ ಇರುತ್ತದೆಯೇ! ಕೊನೆಗೆ ಮೈದಾನದಂಚಿನ ಜಾಲಿ ಗಿಡದಿಂದ ಮುಳ್ಳು ಮುರಿದು ತಂದರು. ಮೊನೆ ಹೊರಮುಖವಾಗಿರುವಂತೆ ಒಂದೊಂದನ್ನೇ ನನ್ನ ಬೆನ್ನ ಮೇಲಿನ ಅಂಕಿಗೆ ಚುಚ್ಚಿದರು.

"ಚುಚ್ಚಿದ್ರ ಹೇಳೋ ಮತ್ತ."

"ಇಲ್ರೀ ಮಾಸ್ತರ, ಏನೂ ಆಗಂಗಿಲ್ರೀ," ಎಂದೆ.

ಹುಚ್ಚು ಹಿಡಿದವರಂತೆ ಆಡಿದೆವು. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮದೇ ಒಂದು ಗೋಲು ಮುಂದು. ಮಾಸ್ತರರು ನಮಗೆ ಪುಟಾಣಿ ಹಂಚಿದರು, ತಾವು ಒಂದು ಕಾಳೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮತ್ತೆ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಉದಗೀರದವನೊಬ್ಬ ಡಿಕ್ಕಿ ಹೊಡೆದ, ನಾನು ಅಂಗಾತ ಬಿದ್ದೆ. ಮುಳ್ಳುಗಳು ತಿರುಗಿ ಒಳಗೆ ಇಳಿದವು. ಅಯ್ಯೋ ಶಿವನೇ, ಆ ಉರಿ! ಆದರೂ ಎದ್ದೆ. ಎದ್ದು ಓಡಿದೆ. ಬಿಳಿ ಅಂಗಿ ಕೆಂಪಾಗಿದ್ದು ನನಗೆ ಕಾಣಲಿಲ್ಲ, ಮಾಸ್ತರರಿಗೆ ಕಂಡಿತು. ಗೆರೆ ದಾಟಿ ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಸಾಕು, ಕುಂಡ್ರು."

"ಮಾಸ್ತರ, ನಾ ಆಡತೀನ್ರೀ! ನಿಮ್ಮ ನೌಕರಿ ಹೋಗತದ್ರೀ!"

"ಹಾಳಾಗಿ ಹೋಗ್ಲಿ ನೌಕರಿ. ಕುಂಡ್ರು ಅಂದೆ."

ಮುಳ್ಳು ಕಿತ್ತರೆ ಎಂಟು ಕಳಚಿ ಬೀಳುತ್ತದೆ, ನಂಬರಿಲ್ಲದವನು ಆಡುವಂತಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಾಹೇಬರ ಕಣ್ಣೆದುರೇ ನನ್ನನ್ನು ಬೋರಲು ಮಲಗಿಸಿ, ಮುರಿದು ಒಳಗೆ ಉಳಿದಿದ್ದ ಮೊನೆಗಳನ್ನು ಹುಡುಕಿ ಹುಡುಕಿ ತೆಗೆದರು. ಮೈದಾನದಲ್ಲಿ ಗದ್ದಲವೆದ್ದಿತು, ಉದಗೀರದವರು ಗೋಲು ಹೊಡೆದಿದ್ದರು. ಮಾಸ್ತರರು ತಲೆ ಎತ್ತಲಿಲ್ಲ. ಇನ್ನೊಂದು ಗೋಲಿಗೂ ಎತ್ತಲಿಲ್ಲ. ನನ್ನ ಬೆನ್ನ ಮೇಲೆ ಬಿದ್ದ ಬಿಸಿ ಹನಿ ರಕ್ತದ್ದಲ್ಲ ಎಂದು ನನಗೆ ತಿಳಿಯಿತು. ನಾನೂ ಹುಲ್ಲು ಕಚ್ಚಿಕೊಂಡು ಅತ್ತೆ.

ಸೋತೆವು. ಜಾಗ ರದ್ದಾಯಿತು.

ತಿರುಗಿ ಬರುವಾಗ, ಬಂಡಿ ನಿಲಂಗದ ಹತ್ತಿರ ಬಂದಾಗ ಮಾಸ್ತರರು ನಮ್ಮ ಕಡೆ ತಿರುಗಿದರು. "ಅಂಗಿ ಮಾತು ನಿಮ್ಮ ಅವ್ವಾರ ಮುಂದ ಯಾರೂ ಎತ್ತಬ್ಯಾಡ್ರೋ. ನನ್ನ ಆಣಿ ಅದ. ಹುಡುಗ್ರು ಸರಿ ಓಡಲಿಲ್ಲ ಅಂತ ಹೇಳತೀನಿ. ಆಕಿ ಬೈದ್ರ ಬೈಸಿಕೊಳ್ರಿ." ಅವ್ವಾರು ಬೈದರು ಕೂಡ. ಬೈಯುತ್ತಲೇ ನನ್ನ ಬೆನ್ನಿಗೆ ಅರಿಷಿಣ ಹಚ್ಚಿದರು. ಜಾಲಿ ಗಿಡದ ಮೇಲೆ ಬಿದ್ದೆನೆಂದು ನಾನು ಹೇಳಿದ್ದೆ.

ಮುಂದೆ ಮಾಸ್ತರರು ಉಮರ್ಗಾದ ಪೇಟೆಯಲ್ಲಿ ಒಬ್ಬ ಸಾವಕಾರರ ಅಂಗಡಿಗೆ ಜೋಳ ಅಳೆಯಲು ನಿಂತರು. ಹೋದಾಗಲೆಲ್ಲ ಕಾಣುತ್ತಿದ್ದೆ. ಮೊದಲು ನನ್ನ ಬೆನ್ನು ತಡವಿ ನೋಡಿ, ಆಮೇಲೆ ಮಾತು. ಆಟದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ದಾರಿಯಲ್ಲಿ ಹುಡುಗರು ಚಿಂದಿ ಚೆಂಡು ಒದೆಯುತ್ತಿದ್ದರೆ ಮುಖ ತಿರುಗಿಸಿ ಕೂತುಬಿಡುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವರು ಹೋದ ಸುದ್ದಿ ಬಂದಾಗ ಗುಂಜೋಟಿಗೆ ಓಡಿದೆ. ಮಣ್ಣು ಮುಗಿದಿತ್ತು. ಅವ್ವಾರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು ಕೇಳಿದರು.

"ಉದಗೀರದಾಗ ನೀವು ಸೋತ್ರೂ, ಅಂಗಿ ಮ್ಯಾಲಿನ ಹೊಲಿಗಿ ನೋಡಿ ಸಾಹೇಬ್ರು ಶಾಭಾಸ್ ಅಂದ್ರಂತಲ್ಲಪಾ. ಕಡೀತನಕ ಅದೇ ಮಾತು ಹೇಳತಿದ್ರು ನಿಮ್ಮ ಮಾಸ್ತರು. ಖರೇ ಏನು?"

ನಾನು ಅವರ ಕಾಲ ಬಳಿ ಕೂತೆ.

"ಖರೇನ್ರೀ ಅವ್ವಾರ. ಎಲ್ಲಾರ ಮುಂದ ಅಂದ್ರು."

ಅವ್ವಾರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ರು ನನ್ನ ಮುಂದ ಎಂದೂ ಸುಳ್ಳು ಹೇಳಿದಾವ್ರಲ್ಲ," ಎಂದರು.